ಹಳದಿ ಎಲೆ, ಹಸಿರು ನರ

ಕಬ್ಬಿನ ಹಾಲು ಕುದಿಯುವ ವಾಸನೆ.

ನಾನು ಚಿಕ್ಕವಳಿದ್ದಾಗ ಆ ವಾಸನೆ ಬಂದರೆ ಸಾಕು, ಓಣಿಯ ಹುಡುಗಿಯರೆಲ್ಲ ಗಾಣದ ಕಡೆ ಓಡುತ್ತಿದ್ದೆವು. ಯಾರಾದರೊಬ್ಬರು ಕಬ್ಬಿನ ಗರಿಯ ಮೇಲೆ ಬಿಸಿ ಬೆಲ್ಲ ಹಾಕಿ ಕೊಡುತ್ತಿದ್ದರು. ಊದಿ ಊದಿ ನೆಕ್ಕುತ್ತಿದ್ದೆವು. ನಾಲಿಗೆ ಸುಡುತ್ತಿತ್ತು. ಆದರೂ ಬಿಡುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ತುಕ್ಕಾನಟ್ಟಿಯ ಹೊಲದಲ್ಲಿ ಅದೇ ವಾಸನೆ ಇತ್ತು. ಕೊಪ್ಪರಿಗೆಯಲ್ಲಿ ಅದೇ ಹೊಂಬಣ್ಣದ ನೊರೆ. ನೊರೆಯ ಮೇಲೆ ಒಬ್ಬ ಮನುಷ್ಯನ ಬಲಗೈ.

ಗೇಣು ಎತ್ತರದಲ್ಲಿ.

ಕೈ ಮಾಳಪ್ಪನದು. ಅದನ್ನು ಮಣಿಕಟ್ಟಿನ ಹತ್ತಿರ ಹಿಡಿದಿದ್ದವನು ಅಲ್ಲಪ್ಪ, ಹುಕ್ಕೇರಿಯ ಶೆಟ್ಟೆಪ್ಪ ಸಾವಕಾರರ ಆಳು. ಹಿಂದೆ ಕುಸ್ತಿ ಹಿಡಿಯುತ್ತಿದ್ದ. ಈಗ ಹಿಡಿಯುತ್ತಿರಲಿಲ್ಲ. ಅವನೆದುರು ನಿಲ್ಲುವವರೇ ಉಳಿದಿರಲಿಲ್ಲ.

"ಹೇಳಲೇ. ಗಿಡಕ್ಕ ಏನ ಹಾಕಿದಿ?"

ಮಾಳಪ್ಪ ಬಾಯಿ ಬಿಡಲಿಲ್ಲ. ಬೆವರು ಮೂಗಿನ ತುದಿಯಿಂದ ಪಾಕಕ್ಕೆ ಬೀಳುತ್ತಿತ್ತು. ಬಿದ್ದ ಕಡೆ ಚುಂಯ್ ಎನ್ನುತ್ತಿತ್ತು.

ನಾನು ಗಾಣದ ಎತ್ತುಗಳ ಈಚೆ ನಿಂತಿದ್ದೆ. ಮಾಳಪ್ಪನನ್ನು ಹುಡುಕುವ ಕೆಲಸ ನನ್ನದಾಗಿತ್ತು. ಹುಡುಕಿದ್ದೆ. ಅಲ್ಲಪ್ಪ ಸಾವಕಾರರ ಮೋಟಾರು ತೆಗೆದುಕೊಂಡು ನನ್ನ ಬೆನ್ನ ಹಿಂದೆಯೇ ಬಂದಿದ್ದ. ಅದು ನನಗೆ ಗೊತ್ತಾದದ್ದು ಆಗಲೇ.

ಗಿಡದ ಸಲುವಾಗಿ ಮನುಷ್ಯನ ಕೈ ಬೇಯಿಸುತ್ತಾರೆಯೇ ಎಂದು ನೀವು ಕೇಳುತ್ತೀರಿ. ನಾನೂ ಹಾಗೆಯೇ ಕೇಳಿದ್ದೆ. ಆ ಕೈ ಅಲ್ಲೇ ಇರಲಿ. ಮೊದಲು ಗಿಡಗಳ ಮಾತು.

ನನ್ನ ಹೆಸರು ಸಾತವ್ವ. ಒಂದು ಜೈಲಿನಲ್ಲಿ ಹೆಣ್ಣು ಕೈದಿಗಳ ಕಾವಲಿಗಿದ್ದೆ. ಒಬ್ಬ ಅಧಿಕಾರಿಯ ಕೆನ್ನೆಗೆ ಬಾರಿಸಿದ ಮೇಲೆ ಇರಲಿಲ್ಲ. ಗೋಕಾಕಕ್ಕೆ ಬಂದು ಮನೆ ಮಾಡಿದೆ. ಪೊಲೀಸರಿಗೆ ಹೇಳಲಾಗದ ಕೆಲಸಗಳು ನನ್ನ ಬಾಗಿಲಿಗೆ ಬರತೊಡಗಿದವು. ಓಡಿಹೋದ ಸೊಸೆ. ಕಾಣೆಯಾದ ಬುಗುಡಿ. ಮದುವೆಯ ಹಿಂದಿನ ದಿನ ಮಾಯವಾದ ಮದುಮಗ. ನಾನು ಹುಡುಕುತ್ತಿದ್ದೆ. ಪ್ರಶ್ನೆ ಕಡಿಮೆ ಕೇಳುತ್ತಿದ್ದೆ. ಅದಕ್ಕೇ ಕರೆಯುತ್ತಿದ್ದರು.

ದೊಡ್ಡ ಯುದ್ಧ ಮುಗಿದ ಮರುವರ್ಷ ಶೆಟ್ಟೆಪ್ಪ ಸಾವಕಾರರು ಕರೆಸಿದರು.

ಹುಕ್ಕೇರಿಯ ಅವರ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ. ಬಾಗಿಲಲ್ಲೇ ಅವರ ಹೆಂಡತಿ ಗೌರವ್ವ ನನ್ನನ್ನು ನಿಲ್ಲಿಸಿ ಹಣೆಗೆ ವಿಭೂತಿ ಹಚ್ಚಿದಳು. ಹಚ್ಚದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವಂತೆ. ಒಳಗೆ ಹೋದೆ... ನಿಂತುಬಿಟ್ಟೆ.

ಮಂಚ ಇಲ್ಲ, ಪೆಟ್ಟಿಗೆ ಇಲ್ಲ. ಮಾಡಿನ ಹಂಚು ತೆಗೆದು ಗಾಜು ಕೂರಿಸಿದ್ದರು. ಕೆಳಗೆ ತಗಡಿನ ಉದ್ದುದ್ದ ದೋಣಿಗಳು. ದೋಣಿಗಳಲ್ಲಿ ಮಣ್ಣಿಲ್ಲ. ಬರೀ ಹರಳುಕಲ್ಲು, ಮೂಲೆಯ ತೊಟ್ಟಿಯಿಂದ ಬಂದು ಕಲ್ಲಿನ ನಡುವೆ ಹರಿಯುವ ನೀರು. ಆ ನೀರಿನಲ್ಲಿ ಚಪ್ಪರಬದನೆಯ ಗಿಡಗಳು ಆಳೆತ್ತರ ಬೆಳೆದು ದಾರ ಹಿಡಿದುಕೊಂಡು ನಿಂತಿದ್ದವು. ನೀವು ಟೊಮೆಟೊ ಅನ್ನುತ್ತೀರಲ್ಲ, ಅದೇ.

ಅದು ಅವರ ಒಬ್ಬನೇ ಮಗ ರಾಜಪ್ಪನ ಕೋಣೆ. ರಾಜಪ್ಪ ಫೌಜಿನಲ್ಲಿ ಗುಮಾಸ್ತನಾಗಿ ಇರಾಕಿಗೆ ಹೋಗಿದ್ದ. ಅಲ್ಲಿ ಮರಳುಗಾಡಿನ ನಡುವೆ ವಿಮಾನದವರ ಕ್ಯಾಂಪಿನಲ್ಲಿ ಗೊಬ್ಬರದ ಉಪ್ಪು ಕರಗಿಸಿದ ನೀರಿನಲ್ಲಿ ಕಾಯಿಪಲ್ಲೆ ಬೆಳೆಯುತ್ತಿದ್ದರು. ಅದನ್ನು ನೋಡಿ ಹುಚ್ಚನಾಗಿದ್ದ. ಊರಿಗೆ ಹೋಗಿ ನಮ್ಮ ಮನೆಯಲ್ಲೂ ಹೀಗೆ ಮಾಡುತ್ತೇನೆ ಎನ್ನುತ್ತಿದ್ದ. ಜ್ವರ ಬಂತು. ಊರಿಗೆ ಬರಲಿಲ್ಲ.

ಬಂದವನು ಮಾಳಪ್ಪ. ಕೌಜಲಗಿಯ ಕುರುಬರ ಹುಡುಗ, ಅದೇ ಕ್ಯಾಂಪಿನಲ್ಲಿ ಗಿಡಗಳ ಕೆಲಸಕ್ಕಿದ್ದ ಸಿಪಾಯಿ. ರಾಜಪ್ಪನ ಕೊನೆಯ ಮಾತು ಹೊತ್ತು ತಂದು ಈ ಕೋಣೆಯನ್ನು ಕಟ್ಟಿದ. ಮೊದಲ ಹಣ್ಣು ಬಿಟ್ಟ ದಿನ ಗೌರವ್ವ ಅದನ್ನು ಕೊಯ್ಯಲು ಬಿಡಲಿಲ್ಲವಂತೆ.

ಈಗ ಆ ಗಿಡಗಳು ಸಾಯುತ್ತಿದ್ದವು.

ಕೈದಿಗಳ ಮುಖ ನೋಡಿ ಯಾರಿಗೆ ಮೈ ಸರಿಯಿಲ್ಲ ಎಂದು ಹೇಳುವುದು ನನ್ನ ಡ್ಯೂಟಿಯಾಗಿತ್ತು. ಗಿಡದ ಮುಖವೂ ಹಾಗೆಯೇ ಎಂದು ಅಲ್ಲಿ ತಿಳಿಯಿತು. ಕೆಳಗಿನ ಹಳೆಯ ಎಲೆಗಳು ಹಸಿರಾಗಿದ್ದವು. ಮೇಲಿನ ಹೊಸ ಎಲೆಗಳು ಹಳದಿ. ಹಳದಿಯ ನಡುವೆ ನರಗಳು ಮಾತ್ರ ಹಸಿರು, ಬಲೆ ಹರಡಿದ ಹಾಗೆ. ತುದಿ ಚಿಗುರು ಬೆಳ್ಳಗಾಗಿ ಸುಟ್ಟಿತ್ತು. ಒಂದು ದೋಣಿ ಆಗಲೇ ಪೂರ್ತಿ ಒಣಗಿತ್ತು.

ಗೌರವ್ವ ಒಂದೊಂದು ಎಲೆಯನ್ನೂ ಅಂಗೈ ಹಿಂಭಾಗದಿಂದ ಮುಟ್ಟಿ ನೋಡುತ್ತಿದ್ದಳು. ಜ್ವರ ಬಂದ ಮಗುವಿನ ಹಣೆ ಮುಟ್ಟುವುದು ಹಾಗೆಯೇ. ಇನ್ನೊಂದು ಕೈಯಲ್ಲಿ ಪೂಜೆಯ ಬಟ್ಟಲಿತ್ತು.

ಸಾವಕಾರರು ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಮಾಳಪ್ಪ ದಿನವೂ ಮುಂಜಾನೆ ಎದ್ದು ಹೊಸ ಎಲೆ ನೋಡುತ್ತಿದ್ದ, ಬೇರು ಎತ್ತಿ ನೋಡುತ್ತಿದ್ದ, ನೀರಿಗೆ ಒಂದು ಕೆಂಪು ಕಾಗದದ ಚೂರು ಅದ್ದುತ್ತಿದ್ದ ಎಂದರು. ಗಿಡ ಕೆಟ್ಟಾಗಿನಿಂದ ಕೇಳಿದರೆ ತಲೆ ತಗ್ಗಿಸುತ್ತಿದ್ದನಂತೆ. ಹರಳಿನ ಚೀಲದ ಹಿಂದೆ ಒಂದು ಬಾಟಲಿ ಸಿಕ್ಕಿತು. ಮೋಟಾರಿನ ಬ್ಯಾಟರಿಗೆ ಹಾಕುವ ಆ್ಯಸಿಡ್. ಸಿಕ್ಕ ದಿನವೇ ಅವನು ನಾಪತ್ತೆ.

"ಮಗನ ಜೀವಾ ಅವನ ಕೈಯಾಗ ಹೋತು," ಎಂದರು ಸಾವಕಾರರು. "ಈಗ ಮಗನ ಗಿಡಾನೂ ಅವನ ಕೈಯಾಗ ಹೊಂಟಾವ. ಹುಡಿಕ್ಯಾಡಿ ತಾ, ಸಾತವ್ವಾ."

"ತಂದ ಮ್ಯಾಲ?"

"ಯಾಕ ಹಾಕಿದಿ ಅಂತ ಕೇಳತೇನಿ."

"ಕೇಳಿದ ಮ್ಯಾಲ?"

ಅವರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು.

"ಧೂಪದಾಳದ ಒಡ್ಡಿನ್ಯಾಗ ನೀರು ಭಾಳ ಆಳ ಐತಿ."

ಸಿಟ್ಟಿನಲ್ಲಿ ಹೇಳಿದ್ದರೆ ನಾನು ನಗುತ್ತಿದ್ದೆ. ಅವರು ಸಿಟ್ಟಿನಲ್ಲಿ ಹೇಳಲಿಲ್ಲ. ನಾನು ಒಪ್ಪಿಕೊಂಡೆ. ನಾನಲ್ಲದಿದ್ದರೆ ಅಲ್ಲಪ್ಪ ಹುಡುಕುತ್ತಿದ್ದ. ನನಗೆ ಮೊದಲು ಸಿಕ್ಕರೆ ಆ ಹುಡುಗನಿಗೆ ಮಾತಾಡಲು ಒಂದು ಅವಕಾಶವಾದರೂ ಇರುತ್ತದೆ ಎಂದುಕೊಂಡೆ.

ಬಾಟಲಿ ಗೋಕಾಕದ ಒಂದು ಮೋಟಾರು ಗ್ಯಾರೇಜಿನದು. ಗ್ಯಾರೇಜಿನವನು ಮಾಳಪ್ಪನನ್ನು ಚೆನ್ನಾಗಿ ಬಲ್ಲ. ಮೊದಮೊದಲು ತಿಂಗಳಿಗೊಮ್ಮೆ ಬಂದು ಔಷಧಿಯ ಹಾಗೆ ಒಂದಿಷ್ಟು ಆ್ಯಸಿಡ್ ಒಯ್ಯುತ್ತಿದ್ದನಂತೆ. ಬಾವಿಯ ನೀರು ಗಡುಸು, ಅದನ್ನು ಹದಕ್ಕೆ ತರಲು ಹನಿ ಹನಿಯಾಗಿ ಬೇಕು ಎನ್ನುತ್ತಿದ್ದನಂತೆ. ಇತ್ತೀಚೆಗೆ ವಾರವಾರ ಬರತೊಡಗಿದ. ಕೊನೆಯ ಸಲ, ನಾಪತ್ತೆಯಾದ ದಿನ, ಬಂದಾಗ ಕಣ್ಣು ಕೆಂಪಗಿದ್ದವು. ಎಷ್ಟು ಹಾಕಿದರೂ ನೀರು ಹದಕ್ಕೆ ನಿಲ್ಲುತ್ತಿಲ್ಲ ಎಂದು ಅಲ್ಲೇ ಕುಕ್ಕರಿಸಿದನಂತೆ. ಗ್ಯಾರೇಜಿನವನು ಒಂದು ಕಪ್ ಚಹ ತರಿಸಿಕೊಟ್ಟ.

ವಿಷ ಹಾಕುವವನು ವಿಷ ಸಾಲುತ್ತಿಲ್ಲವೆಂದು ಅಳುವುದಿಲ್ಲ.

ಆಗಲೇ ನನಗೆ ಸಂಶಯ ಬಂದಿತ್ತು. ಚಹ ಕುಡಿದವನು ಎತ್ತ ಹೋದ ಎಂದು ಕೇಳಿದೆ. ಬೆಲ್ಲ ಮಾರಲು ಬಂದಿದ್ದ ತುಕ್ಕಾನಟ್ಟಿಯ ಚಕ್ಕಡಿ ಹತ್ತಿದನಂತೆ. ಅಲ್ಲಿ ಅವನ ಸೋದರಮಾವನ ಗಾಣ ಇತ್ತು.

ಹೀಗೆ ಬಂದು ಮುಟ್ಟಿದ್ದು ಕೊಪ್ಪರಿಗೆಯ ಹತ್ತಿರ.

ಅಲ್ಲಪ್ಪ ಕೈಯನ್ನು ಇನ್ನಷ್ಟು ತಗ್ಗಿಸಿದ. ಹಬೆ ಮಾಳಪ್ಪನ ಬೆರಳಿಗೆ ತಾಗಿತು. ಅವನ ಬಾಯಿಂದ ಬಂದದ್ದು ಮಾತಲ್ಲ. ಸೋದರಮಾವ ಕೈಮುಗಿದು ನಿಂತಿದ್ದ. ಅತ್ತೆ ಒಲೆಯ ಬಾಯಿಗೆ ಕಬ್ಬಿನ ಒಣ ರವದಿ ನೂಕುವುದನ್ನು ನಿಲ್ಲಿಸಿದ್ದಳು.

"ಅಲ್ಲಪ್ಪಾ," ಎಂದೆ. "ಪಾಕ ಕೆಡತೈತಿ. ಬೆಲ್ಲಾ ಯಾರೂ ಕೊಳ್ಳೂದಿಲ್ಲ."

ಅವನು ನಕ್ಕ. ನಗಲು ಈಕಡೆ ತಿರುಗಿದ.

ನನಗೆ ಬೇಕಾಗಿದ್ದು ಅಷ್ಟೇ. ನೊರೆ ತೆಗೆಯುವ ಉದ್ದನೆಯ ಹುಟ್ಟು ಕೊಪ್ಪರಿಗೆಯ ಅಂಚಿಗೆ ಒರಗಿತ್ತು. ಅದನ್ನು ತೆಗೆದುಕೊಂಡು ಕುದಿಯುವ ನೊರೆಯನ್ನು ಬಾಚಿ ಅವನ ಪಾದಕ್ಕೆ ಎರಚಿದೆ.

ಪೈಲವಾನರು ಬರಿಗಾಲಲ್ಲಿ ಓಡಾಡುತ್ತಾರೆ.

ಅವನ ಕೂಗಿಗೆ ಎತ್ತುಗಳು ಬೆದರಿ ನೊಗ ಎಳೆದವು. ಅವನು ಮಾಳಪ್ಪನ ಕೈ ಬಿಟ್ಟ. ನಾನು ಬಯಸಿದ್ದು ಅದನ್ನೇ. ಆದರೆ ಬಿಟ್ಟದ್ದು ಕೆಳಗೆ. ಮಾಳಪ್ಪ ಮುಗ್ಗರಿಸಿದ. ಕೈ ಮಣಿಕಟ್ಟಿನವರೆಗೆ ಪಾಕದಲ್ಲಿ ಮುಳುಗಿತು.

ಎಳೆದು ತೆಗೆದೆ. ಬೆಲ್ಲದ ಪಾಕ ನೀರಿನ ಹಾಗೆ ಜಾರಿ ಹೋಗುವುದಿಲ್ಲ. ಅಂಟಿಕೊಂಡು ಸುಡುತ್ತದೆ. ಹಸಿ ಕಬ್ಬಿನ ಹಾಲು ತುಂಬಿದ್ದ ಹಂಡೆಗೆ ಅವನ ಕೈಯನ್ನು ಮೊಣಕೈವರೆಗೆ ಅದ್ದಿ ಹಿಡಿದೆ. ಅವನು ಕೂಗಲಿಲ್ಲ. ಹಂಡೆಯ ಅಂಚು ಕಚ್ಚಿದ. ಅತ್ತೆ ತನ್ನ ಸೀರೆಯ ಸೆರಗನ್ನು ಸರ್ರೆಂದು ಹರಿದು ನನ್ನ ಹೆಗಲ ಮೇಲೆ ಹಾಕಿದಳು. ಹೊಸ ಸೀರೆ ಅದು.

ಅಲ್ಲಪ್ಪ ನೆಲದ ಮೇಲೆ ಕೂತಿದ್ದ. ಆದರೆ ಅವನ ಗಂಟಲು ಸರಿಯಾಗಿತ್ತು. ದಾರಿಯಲ್ಲಿ ನಿಂತಿದ್ದ ಮೋಟಾರಿನ ಡ್ರೈವರನನ್ನು ಕೂಗಿದ.

ನಾವು ಕಬ್ಬಿನೊಳಗೆ ನುಗ್ಗಿದೆವು.

ಕಬ್ಬಿನ ಗರಿ ಕತ್ತಿಯ ಹಾಗೆ. ಮುಖ ಗೀರಿತು, ಕೊರಳು ಗೀರಿತು. ಹಿಂದೆ ಯಾರೋ ಓಡಿ ಬರುವ ಸದ್ದು. ಆಮೇಲೆ ಆ ಸದ್ದು ನಿಂತು ಮೋಟಾರಿನ ಸದ್ದು. ಹೊಲ ಸುತ್ತಿ ದಾರಿಗೆ ಅಡ್ಡ ಬರುತ್ತಿದ್ದಾರೆ ಎಂದು ಗೊತ್ತಾಯಿತು. ಮಾಳಪ್ಪ ಎಡವಿದಾಗಲೆಲ್ಲ ಸೆರಗು ಸುತ್ತಿದ ಕೈಯನ್ನು ಮೇಲೆತ್ತಿ ಹಿಡಿಯುತ್ತಿದ್ದ, ತುಂಬಿದ ಬಟ್ಟಲು ಹಿಡಿದವನ ಹಾಗೆ.

ಕಬ್ಬು ಮುಗಿದಲ್ಲಿ ದಾರಿ. ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ಬಸ್ಸು ಇದ್ದಿಲ ಹೊಗೆ ಬಿಡುತ್ತ ಬರುತ್ತಿತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡ ಬಸ್ಸು ಅದು. ಇನ್ನೂ ಬಿಚ್ಚಿರಲಿಲ್ಲ. ನಡೆಯುವವನು ಅದನ್ನು ಹಿಂದೆ ಹಾಕಬಹುದಿತ್ತು. ಮಾಳಪ್ಪನನ್ನು ಒಳಗೆ ನೂಕಿದೆ. ದೂರದಲ್ಲಿ ಧೂಳು ಏಳುತ್ತಿರುವುದು ಕಾಣಿಸಿತು. ಒಳಗೆ ಕೂತರೆ ಅಲ್ಲಪ್ಪ ಮೊದಲು ನನ್ನನ್ನು ಗುರುತಿಸುತ್ತಾನೆ. ಹಿಂದಿನ ಏಣಿ ಹತ್ತಿ ಬಸ್ಸಿನ ತಲೆಯ ಮೇಲೆ ಹತ್ತಿಯ ಮೂಟೆಗಳ ನಡುವೆ ಮಲಗಿದೆ. ನನ್ನ ವಯಸ್ಸಿನ ಹೆಂಗಸು ಮಾಡುವ ಕೆಲಸವಲ್ಲ. ಮಾಡಿದೆ.

ಮೋಟಾರು ದಾಟಿ ಬಂದು ಅಡ್ಡ ನಿಂತಿತು. ಅಲ್ಲಪ್ಪ ಕುಂಟುತ್ತ ಬಸ್ಸು ಹತ್ತಿದ್ದು ಕೇಳಿಸಿತು.

ಕೆಳಗಿನಿಂದ ಒಬ್ಬ ಮುದುಕಿಯ ದನಿ. ಹತ್ತುವಾಗ ನೋಡಿದ್ದೆ, ಕಂಬಳಿ ಹೊದ್ದು ಬಾಗಿಲ ಬದಿಗೆ ಕೂತಿದ್ದಳು.

"ಏನಪಾ ಪೈಲವಾನಾ, ಕೆಂಡಾ ಹಾಯ್ದ ಬಂದೆಯೇನ? ಕಾಲು ಹುಗ್ಗಿ ಆಗ್ಯಾವಲ್ಲೋ."

ಯಾರೋ ನಕ್ಕರು. ಅಲ್ಲಪ್ಪ ನಗಲಿಲ್ಲ.

"ಬಾಜೂಕ ಕಂಬಳ್ಯಾಗ ಯಾರದು?"

"ನನ್ನ ಸೊಸಿ. ಹಸಿ ಬಾಣಂತಿ. ಗಾಳಿ ಸೋಕಬಾರದಂತ ಮುಚ್ಚೇನಿ."

"ಮುಖಾ ತೋರಸು."

"ನಿಮ್ಮ ಮನ್ಯಾಗ ಬಾಣಂತಿ ಮುಖಾ ಬಸ್ಸಿನ್ಯಾಗ ತೋರಸ್ತಾರೇನು? ಬಾ, ನೀನ ತಗದ ನೋಡು. ಆಮ್ಯಾಲ ಊರಾಗ ನಾ ಹೇಳತೇನಿ, ಹುಕ್ಕೇರಿ ಪೈಲವಾನ ಬಾಣಂತಿ ಕಂಬಳಿಗೆ ಕೈ ಹಾಕಿದ ಅಂತ."

ಕುಂಟು ಹೆಜ್ಜೆಗಳು ಬಾಗಿಲ ಕಡೆ ತಿರುಗಿದವು.

ಅಲ್ಲಪ್ಪ ಇಳಿದ. ಕುಸ್ತಿಯಲ್ಲಿ ಅವನು ಸೋತದ್ದನ್ನು ನಾನು ಕೇಳಿರಲಿಲ್ಲ.

ಗೋಕಾಕದಲ್ಲಿ ಇಳಿದಾಗ ಮುದುಕಿ ಕಂಬಳಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಹುಡುಗ ನಡುಗುತ್ತಿದ್ದಾನೆ, ಇರಲಿ ಎಂದಳಂತೆ. ಅವಳ ಹೆಸರನ್ನೂ ನಾವು ಕೇಳಲಿಲ್ಲ.

ದವಾಖಾನೆಯ ಡಾಕ್ಟರು ಸೀರೆಯ ತುಂಡನ್ನು ನೀರು ಹಾಕಿ ಹಾಕಿ ಬಿಡಿಸಿದರು. ಜೊತೆಗೆ ಚರ್ಮವೂ ಬಂತು. ಬೆರಳುಗಳು ಇನ್ನು ಬಿಚ್ಚಿಕೊಳ್ಳಲಾರವು ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಾಳಪ್ಪನಿಗೆ ಕೇಳಿಸಿತು.

"ಎಡಗೈ ಐತಲ್ರಿ," ಎಂದ.

ಬೆಂಚಿನ ಮೇಲೆ ಅವನ ಪಕ್ಕ ಕೂತೆ. ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಇಲ್ಲಿಂದ ಎಲ್ಲಿಗೆ ಓಡಿದರೂ ಅಲ್ಲಪ್ಪ ಬರುತ್ತಾನೆ, ನಾನು ಎಲ್ಲ ಸಲ ಬಸ್ಸಿನ ಮೇಲೆ ಹತ್ತಲಾರೆ ಎಂದೆ. ಬದುಕಬೇಕಾದರೆ ನಿಜ ಹೇಳು ಎಂದೆ.

ಅವನು ನೀರಿನ ಮಾತು ಹೇಳಿದ. ನೀರು ಹದವಾಗಿದ್ದರೆ ಕೆಂಪು ಕಾಗದ ಕೆಂಪಾಗಿಯೇ ಇರುತ್ತದೆ. ಕ್ಷಾರವಾದರೆ, ಸುಣ್ಣದ ನೀರಿನ ಹಾಗಾದರೆ, ನೀಲಿಗೆ ತಿರುಗುತ್ತದೆ. ಅಂಥ ನೀರಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗುವುದಿಲ್ಲ. ತಟ್ಟೆಯಲ್ಲಿ ಅನ್ನವಿದ್ದರೂ ಬಾಯಿ ಹೊಲಿದ ಹಾಗೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಇರಾಕಿನಲ್ಲಿ ಮೊದಲು ಕಲಿಸಿದ ಪಾಠವೇ ಅದು.

"ಸಂಜಿಕ ಆ್ಯಸಿಡ್ ಹಾಕಿ ಹದಾ ಮಾಡತಿದ್ದೆ. ಕಾಗದ ಕೆಂಪ ಇರ್ತಿತ್ತು. ಮರದಿನಾ ಹೊತ್ತೇರಿದ ಮ್ಯಾಲ ನೋಡಿದ್ರ ನೀಲಿ."

"ಅಂದ್ರ ಮುಂಜಾನೆ ಯಾರೋ ಏನೋ ಹಾಕತಿದ್ರು."

ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡ.

"ಏನ ಹಾಕಿದ್ರ ನೀಲಿ ಆಗತೈತಿ?"

"ಸುಣ್ಣಾ... ಸೋಡಾ... ಬೂದಿ..."

ಆ ಕೊನೆಯ ಮಾತನ್ನು ನುಂಗಿಕೊಳ್ಳಲು ನೋಡಿದ. ಆಗಲೇ ಹೊರಬಿದ್ದಿತ್ತು.

ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಸಗಣಿ ಸುಟ್ಟ ಬೂದಿ ಅಲ್ಲವೇ ವಿಭೂತಿ.

ನೋಡಿ, ಇಷ್ಟಲಿಂಗಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡಿದ ನೀರನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ. ಕಾಲು ಬೀಳುವ ಕಡೆ ಹಾಕುವಂತಿಲ್ಲ. ಗಿಡದ ಬುಡಕ್ಕೆ ಹಾಕುತ್ತಾರೆ. ಅಂಥ ಮನೆಗಳಲ್ಲೆಲ್ಲ ಹಾಗೆಯೇ. ಬೇವಿಗೋ ಮಲ್ಲಿಗೆಗೋ ಅದರಿಂದ ಏನೂ ಆಗುವುದಿಲ್ಲ. ಮಣ್ಣು ಎಲ್ಲವನ್ನೂ ತಾಳಿಕೊಳ್ಳುತ್ತದೆ. ಆದರೆ ರಾಜಪ್ಪನ ಗಿಡಗಳಿಗೆ ಮಣ್ಣೇ ಇರಲಿಲ್ಲ. ಗೌರವ್ವ ಬಟ್ಟಲನ್ನು ಬಗ್ಗಿಸುತ್ತಿದ್ದದ್ದು ನೇರವಾಗಿ ನೀರಿನ ತೊಟ್ಟಿಗೆ. ಅದೇ ನೀರು ಕೋಣೆಯ ಎಲ್ಲ ದೋಣಿಗಳಿಗೂ ಹರಿಯುತ್ತಿತ್ತು. ಎಲೆ ಹಳದಿಯಾದವು. ತಾಯಿ ಏನು ಮಾಡುತ್ತಾಳೆ? ವಿಭೂತಿಯ ಗಟ್ಟಿಯನ್ನೇ ಪುಡಿ ಮಾಡಿ ಕಲಸಿದಳು. ಇನ್ನೂ ಹಳದಿಯಾದವು. ಇನ್ನೊಂದು ಗಟ್ಟಿ.

"ನಿನ್ನ ಕಣ್ಣಿಲೆ ನೋಡಿದೇನು?"

ತಲೆ ಆಡಿಸಿದ. ಒಂದು ಮುಂಜಾನೆ ಬಾಗಿಲ ಸಂದಿಯಿಂದ ನೋಡಿದ್ದನಂತೆ. ಗೌರವ್ವ ತೊಟ್ಟಿಯ ಮುಂದೆ ಕೂತು ಪುಡಿ ಕಲಸುತ್ತ ಮಗನ ಹೆಸರು ಹಿಡಿದು ಮಾತಾಡುತ್ತಿದ್ದಳು.

"ಹಂಗಾರ ಹೇಳಬೇಕಿಲ್ಲೋ. ಅವರಿಗೆ ಅಲ್ಲದಿದ್ರ ಸಾವಕಾರ್ರಿಗರೆ."

ಕಿಟಕಿಯ ಕಡೆ ತಿರುಗಿ ಹೇಳಿದ.

"ಅಲ್ಲಿ ಮಿಲ್ಟ್ರಿಯವರು ರಾಜಪ್ಪನ್ನ ತಮ್ಮ ರೀತಿ ಹುಗೀಬೇಕಂತಿದ್ರು. ನಾ ಬಿಡಲಿಲ್ಲ. ಅವನ ಲಿಂಗಾ ಅವನ ಕೈಯಾಗಿಟ್ಟು, ಕುಂಡ್ರಿಸಿ ಮಣ್ಣ ಕೊಟ್ಟೆ. ಅವ್ವಾರು ಕಟ್ಟಿ ಕಳಿಸಿದ್ದ ವಿಭೂತಿ ಇತ್ತು, ಅದನ್ನೂ ಜೋಡಿ ಇಟ್ಟೆ. ಬಂದು ಅದನ್ನ ಹೇಳಿದಾಗ ಅವ್ವಾರು ನನ್ನ ಕೈ ಹಿಡಕೊಂಡು ಅತ್ರು. ಈಗ ಅದ ವಿಭೂತಿಯಿಂದ ನಿಮ್ಮ ಮಗನ ಗಿಡಾ ಸಾಯಾಕತ್ತಾವ ಅಂತ ಯಾವ ಬಾಯಿಲೆ ಹೇಳಲ್ರಿ?"

"ಹೇಳದಿದ್ರ ನೀ ಸಾಯ್ತಿ."

"ಸಾಯೂದ ಬ್ಯಾಡ ಅಂತನ ಓಡಿ ಬಂದಿದ್ದೆ. ನೀವು ಹುಡುಕಿದ್ರಿ."

ನಾನು ಎದ್ದು ಡಾಕ್ಟರಿಗೆ ದುಡ್ಡು ಕೊಟ್ಟು ಬಂದೆ.

ಮರುದಿನ ಬೆಳಿಗ್ಗೆ ಅವನನ್ನು ಕರೆದುಕೊಂಡು ನೇರವಾಗಿ ಹುಕ್ಕೇರಿಗೆ ಹೋದೆ. ಅಡಗುವವರನ್ನು ಬೇಟೆಯಾಡುತ್ತಾರೆ. ಮುಂಬಾಗಿಲಿಂದ ಬಂದವರನ್ನು ಮೊದಲು ಯಾಕೆ ಬಂದಿರೆಂದು ಕೇಳುತ್ತಾರೆ. ನನ್ನ ಲೆಕ್ಕ ಅಷ್ಟೇ. ತಪ್ಪಿದರೆ ಧೂಪದಾಳಕ್ಕೆ ಇಬ್ಬರು.

ಅಲ್ಲಪ್ಪ ಕಟ್ಟೆಯ ಮೇಲೆ ಕೂತಿದ್ದ. ಎರಡೂ ಪಾದಕ್ಕೆ ಬಟ್ಟೆ. ನಮ್ಮನ್ನು ನೋಡಿ ಏಳಲು ಹೋದ, ಆಗಲಿಲ್ಲ. ಕೈಗೆ ಸಿಕ್ಕ ಬಡಿಗೆಯನ್ನು ಅಡ್ಡ ಹಿಡಿದ.

"ಒಳಗ ಹೋಗತೀರಿ. ಹೊರಗ ಹೆಂಗ ಬರ್ತೀರಿ ನೋಡತೇನಿ."

"ಕುಂದ್ರು. ಕಾಲಿಗೆ ಗಾಳಿ ಹತ್ತಲಿ," ಎಂದು ಬಡಿಗೆಯನ್ನು ದಾಟಿದೆ.

ಸಾವಕಾರರು ಗಿಡಗಳ ಕೋಣೆಯಲ್ಲೇ ಇದ್ದರು. ಮಾಳಪ್ಪನನ್ನು ನೋಡಿ ಮುಖ ಕಲ್ಲಾಯಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಬಾಗಿಲು ಹಾಕಿದೆ. ಒಂದು ಸಲ ನೋಡಿ, ಆಮೇಲೆ ನಿಮ್ಮ ಮನಸ್ಸಿಗೆ ಬಂದದ್ದು ಮಾಡಿ ಎಂದೆ.

ಮಾಳಪ್ಪನ ಕೆಂಪು ಕಾಗದಗಳು ಗೂಡಿನಲ್ಲೇ ಇದ್ದವು. ಒಂದನ್ನು ತೊಟ್ಟಿಯ ನೀರಿಗೆ ಅದ್ದಿದೆ. ನೀಲಿಯಾಯಿತು. ಇನ್ನೊಂದನ್ನು ಲೋಟದಲ್ಲಿದ್ದ ಕುಡಿಯುವ ನೀರಿಗೆ ಅದ್ದಿದೆ. ಸ್ವಲ್ಪ ಮಾಸಿತು, ಕೆಂಪು ಉಳಿಯಿತು. ಬಾಗಿಲ ಪಕ್ಕದ ಗೂಡಿನಿಂದ ವಿಭೂತಿಯ ಗಟ್ಟಿ ತೆಗೆದು ಲೋಟದೊಳಗೆ ತಿಕ್ಕಿದೆ. ನೀರು ಹಾಲಿನಂತಾಯಿತು. ಮತ್ತೊಂದು ಕಾಗದ ಅದ್ದಿ ಅವರ ಅಂಗೈ ಮೇಲಿಟ್ಟೆ.

ನೀಲಿ.

ಹೆಚ್ಚಿಗೆ ಹೇಳಬೇಕಾಗಲಿಲ್ಲ. ಮುಂಜಾನೆ ತೊಟ್ಟಿಯ ಹತ್ತಿರ ಯಾರು ಕೂರುತ್ತಾರೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಂಗೈ ಮೇಲಿನ ಚೂರನ್ನು ನೋಡಿದರು. ಮಾಳಪ್ಪನ ಕೈಯ ಬಟ್ಟೆಯನ್ನು ನೋಡಿದರು. ಗೋಡೆ ಹಿಡಿದು ಕೆಳಗೆ ಕೂತರು. ಅಷ್ಟು ದೊಡ್ಡ ಮನುಷ್ಯ ಕೂತಾಗ ಇಷ್ಟೇ ಇಷ್ಟು ಕಂಡರು.

"ನಿನಗ ಗೊತ್ತಿತ್ತಾ?" ಎಂದು ಕೇಳಿದರು.

ಮಾಳಪ್ಪ ನೆಲ ನೋಡಿದ.

"ಗೊತ್ತಿದ್ದೂ ಕೈ ಸುಡಿಸ್ಕೊಂಡಿ?"

ಬಟ್ಟೆ ಸುತ್ತಿದ ಕೈಯನ್ನು ಕಂಬಳಿಯೊಳಗೆ ಸೇರಿಸಿದ.

ಸಾವಕಾರರು ನನ್ನ ಕಡೆ ತಿರುಗಿದರು. ಮೊದಲ ದಿನ ನನಗೆ ತಾ ಎಂದವರು ಈಗ ಬಹುವಚನಕ್ಕೆ ಬಂದಿದ್ದರು.

"ಆಕಿಗೆ ಹೇಳಬ್ಯಾಡ್ರಿ, ಸಾತವ್ವಾ. ಒಮ್ಮೆ ಮಗನ್ನ ಕಳಕೊಂಡಾಳ. ಎರಡನೇ ಸಲ ತನ್ನ ಕೈಲೆ ಅಂತ ಗೊತ್ತಾದ್ರ..."

ಬಾಗಿಲು ತೆರೆಯಿತು.

ಗೌರವ್ವ. ಕೈಯಲ್ಲಿ ಪೂಜೆಯ ಬಟ್ಟಲು. ನೀರು ಬೆಳ್ಳಗಿತ್ತು. ಮಾಳಪ್ಪನನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

ನಾನು ಸಾವಕಾರರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಆಗ ಮಾಳಪ್ಪ ಮುಂದೆ ಹೋಗಿ ಆಕೆಯ ಕಾಲ ಬಳಿ ಕೂತ.

"ತಪ್ಪು ನಂದ್ರಿ, ಅವ್ವಾರ. ನೀರಿಗೆ ಉಪ್ಪು ಹಾಕೂದರಾಗ ತಪ್ಪಿದೆ. ಗಿಡಾ ಕೆಟ್ಟು. ಹೇಳಾಕ ಅಂಜಿ ಓಡಿ ಹೋಗಿದ್ದೆ."

ಆಕೆ ಒಣಗಿದ ದೋಣಿಯ ಕಡೆ ನೋಡಿದಳು.

"ಆ ಕಡೇ ದೋಣ್ಯಾಗಿನ ಗಿಡಾ ಉಳೀತಾವ್ರಿ. ಆದ್ರ ತೊಟ್ಟಿಗೆ ಕೀಲಿ ಹಾಕ್ರಿ. ಹೊರಗಿಂದು ಒಂದ ಹನಿನೂ ಬೀಳಬಾರದು. ಪೂಜಿ ನೀರೂ ಬ್ಯಾಡ. ನಾ ಕೆಡಿಸೇನಿ, ಅವಕ್ಕ ಈಗ ತ್ರಾಣಿಲ್ಲ. ಸಾವಕಾರ್ರಿಗೆ ಎಲ್ಲಾ ಹೇಳಿ ಹೋಗತೇನಿ, ಅವರೊಬ್ಬರ ನೋಡ್ಕೊಳ್ಳಲಿ."

ಸಾವಕಾರರಿಗೆ ಬೇಕಾಗಿದ್ದ ತಪ್ಪೊಪ್ಪಿಗೆ ಸಿಕ್ಕಿತ್ತು. ಅದಕ್ಕಾಗಿಯೇ ಒಬ್ಬನ ಕೈಯನ್ನು ಕೊಪ್ಪರಿಗೆಯ ಮೇಲೆ ಹಿಡಿಸಿದ್ದರು. ಈಗ ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ಅದು ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನೂ ಹೇಳಲಿಲ್ಲ.

ಗೌರವ್ವ ನಂಬಿದಳು. ಅವನ ಮಾತನ್ನು ಆಕೆ ಯಾವತ್ತೂ ನಂಬುತ್ತಿದ್ದಳು.

"ಅಷ್ಟ ದೂರದಿಂದ ಅವನ ಮಾತು ಹೊತ್ಕೊಂಡು ಬಂದಿ," ಎಂದಳು. ದನಿ ಏರಲಿಲ್ಲ. "ಕಡೀತನಕ ಹೊರಾಕ ಆಗಲಿಲ್ಲ ನಿನಗ. ಇನ್ನ ಈ ಕೋಣಿಗೆ ಬರಬ್ಯಾಡಪಾ."

"ಇಲ್ರಿ, ಅವ್ವಾರ."

ಬಟ್ಟಲನ್ನು ಹಿಡಿದು ಕೆಳಗೆ ಇಳಿದಳು. ಹಿತ್ತಲಲ್ಲಿ ಬೇವಿನ ಬುಡಕ್ಕೆ ನೀರು ಬೀಳುವ ಸದ್ದು ಕೇಳಿಸಿತು.

ಮಾಳಪ್ಪ ಸಾವಕಾರರಿಗೆ ಕೆಲಸ ಕಲಿಸಿದ. ಮುಂಜಾನೆ ಮೊದಲು ಹೊಸ ಎಲೆ ನೋಡಬೇಕು. ಬೇರು ಬೆಳ್ಳಗಿದ್ದರೆ ಒಳ್ಳೆಯದು, ಕಂದಾದರೆ ನೀರು ಬದಲಿಸಬೇಕು. ಕಾಗದ ಹೀಗೆ ಅದ್ದಬೇಕು. ಸಾವಕಾರರು ಕಾಗದದ ಜೊತೆ ಬೆರಳನ್ನೂ ಅದ್ದಿದರು. ಇವನು ತನ್ನ ಎಡಗೈಯಿಂದ ಅವರ ಕೈ ಹಿಡಿದು ತೋರಿಸಿದ. ಆಮೇಲೆ ಸಾವಕಾರರು ಕಿಟಕಿಗೆ ಹೋಗಿ ಅಲ್ಲಪ್ಪನನ್ನು ಕೂಗಿ, ಬಡಿಗೆ ಇಟ್ಟು ಮನೆಗೆ ಹೋಗು ಎಂದರು. ಜೀವ ಉಳಿಯಿತು. ಕೈ ಹೋಯಿತು. ಕೋಣೆಯೂ ಹೋಯಿತು. ಇಷ್ಟನ್ನು ನಾನು ಗೆಲುವು ಎಂದು ಲೆಕ್ಕ ಹಾಕಬೇಕಿತ್ತು.

ಹೊರಡಲು ಕೆಳಗೆ ಇಳಿದೆವು. ಪಡಸಾಲೆಯಲ್ಲಿ ಎಲ್ಲರಿಗೂ ತಾಟು ಹಾಕಿತ್ತು. ಗೌರವ್ವ ಬಾಗಿಲ ಮರೆಯಲ್ಲಿ ನಿಂತು ಮಾಳಪ್ಪನ ಕೈಯ ಬಟ್ಟೆಯನ್ನು ನೋಡಿದಳು. ಅದು ಏನಾಗಿದೆ ಎಂದು ಕೇಳಲಿಲ್ಲ. ಅವನಿಗೆ ಹಾಕಿದ್ದ ತಾಟನ್ನು ಎತ್ತಿಕೊಂಡು ಒಳಗೆ ಹೋದಳು. ಊಟವೂ ಇಲ್ಲ ಎಂದುಕೊಂಡೆ.

ತಿರುಗಿ ಬಂದಾಗ ಕೈಯಲ್ಲಿ ಆಳವಾದ ಒಂದು ಬಟ್ಟಲಿತ್ತು. ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಹಾಲಿನಲ್ಲಿ ನೆನೆಸಿದ್ದಳು. ಎಡಗೈಗೆ ಸುಲಭವಾಗಲೆಂದು ಒಂದು ಚಮಚ. ಅವನ ಮುಂದೆ ಹಿಡಿದಳು. ಅವನು ತೆಗೆದುಕೊಂಡ.

ಸಾವಕಾರರ ತಾಟಿನಲ್ಲಿ ರೊಟ್ಟಿ ಹಾಗೆಯೇ ಆರಿತು. ನಾನೂ ನನ್ನ ತಾಟನ್ನು ಪಕ್ಕಕ್ಕೆ ಸರಿಸಿದೆ. ಆ ದಿನ ಆ ಮನೆಯಲ್ಲಿ ಊಟ ಸೇರಿದ್ದು ಅಪರಾಧಿ ಒಬ್ಬನಿಗೇ.